ನೆಟ್‌ನಲ್ಲಿ ಇಷ್ಟೊಂದು ನಾಸ್ತಿಕರು, ಕಾಸರಗೋಡಿನಲ್ಲಿ ಎಷ್ಟು?

ಬದಿಯಡ್ಕದವ (ಚರ್ಚೆ ಶುರು ಮಾಡಿದವರು)

ನಾನು ಓದುವ ಗುಂಪುಗಳಲ್ಲಿ, ಕನ್ನಡದ್ದಿರಲಿ ಮಲಯಾಳದ್ದಿರಲಿ, ದೇವರಿಲ್ಲ ಅನ್ನುವವರೇ ಜಾಸ್ತಿ. ಒಂದು ಪವಾಡದ ಸುದ್ದಿ ಹಾಕಿ ನೋಡಿ, ಅದನ್ನು ಹಿಡಿದು ಜಾಡಿಸುವವರು ಸಾಲುಗಟ್ಟಿ ಬರುತ್ತಾರೆ. ಪೇಟೆಗೆ ಹೋದರೆ ಬೇರೆಯೇ ಲೋಕ. ಮಧೂರು ದೇವಸ್ಥಾನದಲ್ಲಿ ಅಪ್ಪ ಪ್ರಸಾದಕ್ಕೆ ಕ್ಯೂ, ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಲ್ಲಿ ಶುಕ್ರವಾರ ಕಾಲಿಡಲು ಜಾಗ ಇಲ್ಲ, ಬೇಳದ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಹಬ್ಬ ಅಂದರೆ ರಸ್ತೆಯೇ ತುಂಬಿರುತ್ತದೆ. ಇದರಲ್ಲಿ ಯಾವುದು ನಿಜ?

ಲೆಕ್ಕ ತೆಗೆದೆ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ನಾಸ್ತಿಕ ಅಂತ ಬರೆಸಿದವರು ಬರೀ 33 ಸಾವಿರ ಚಿಲ್ಲರೆ. 121 ಕೋಟಿಯಲ್ಲಿ! ಕೇರಳದಲ್ಲಿ 4,896. ಕೇರಳದ 3.34 ಕೋಟಿಯಲ್ಲಿ ನಮ್ಮ ಜಿಲ್ಲೆ 13 ಲಕ್ಷ. ಅದೇ ಪ್ರಮಾಣ ಹಿಡಿದರೆ ಮಂಜೇಶ್ವರದಿಂದ ತೃಕರಿಪುರದ ತನಕ ಒಟ್ಟು 190 ಜನ. ಯಾರಾದರೂ ನಂಬುತ್ತೀರಾ?

ನನ್ನ ಅಂದಾಜು ಹೇಳಿಬಿಡುತ್ತೇನೆ. ಜನಗಣತಿಯೂ ನಾಸ್ತಿಕರನ್ನು ಎಣಿಸುತ್ತಿಲ್ಲ, ನೆಟ್ಟೂ ಎಣಿಸುತ್ತಿಲ್ಲ. ಎರಡೂ ಕಡೆ ಕಾಣುವುದು, ಬಾಯಿ ಬಿಟ್ಟು ಹೇಳಿದರೆ ಎಷ್ಟು ನಷ್ಟ ಅನ್ನುವ ಲೆಕ್ಕ ಮಾತ್ರ. ಒಪ್ಪದವರು ಬನ್ನಿ.


ಪೈವಳಿಕೆ ಮಾಷ್ಟ್ರು

2011ರಲ್ಲಿ ನಾನು ಎಣಿಕೆದಾರ. ಮತದ ಕಾಲಂ ಹೇಗೆ ತುಂಬುತ್ತಿತ್ತು ಅಂತ ಹೇಳುತ್ತೇನೆ, ಕೇಳಿ. ಹಿಂದೂ 1, ಮುಸ್ಲಿಂ 2, ಕ್ರಿಶ್ಚಿಯನ್ 3, ಹೀಗೆ ಜೈನರ ತನಕ ಆರು ಕೋಡ್. ಬೇರೆ ಎಂತದೇ ಆದರೆ ಪೂರ್ತಿ ಹೆಸರು ಬರೆಯಬೇಕು, ಕೋಡ್ ಇಲ್ಲ. ಹೆಚ್ಚಾಗಿ ಉತ್ತರ ಕೊಡುವವರು ಮನೆಯ ಹಿರಿಯರು. ಉಳಿದವರು ಮನೆಯಲ್ಲೇ ಇದ್ದರೂ ಅವರನ್ನು ಕೇಳುವುದು ಕಮ್ಮಿ.

ಒಂದು ಮನೆಯಲ್ಲಿ ಅಜ್ಜ ಚಾವಡಿಯಲ್ಲಿ ಕೂತು ಎಲ್ಲರ ಲೆಕ್ಕ ಹೇಳುತ್ತಿದ್ದರು. ಒಳಗಿಂದ ಕಾಲೇಜಿಗೆ ಹೋಗುವ ಮೊಮ್ಮಗ, "ಮಾಷ್ಟ್ರೇ, ನನ್ನದು ಮತ ಇಲ್ಲ ಅಂತ ಬರೀರಿ" ಅಂದ. ಅಜ್ಜ ತಲೆ ಕೂಡ ಎತ್ತಲಿಲ್ಲ. "ಅವನಿಗೆ ಪರೀಕ್ಷೆ, ತಲೆ ಸರಿ ಇಲ್ಲ. ಒಂದು ಅಂತ ಹಾಕಿ." ಹುಡುಗ ನಕ್ಕ, ನಾನೂ ನಕ್ಕೆ, ಒಂದು ಅಂತ ಬಿತ್ತು. ಎರಡು ಸೆಕೆಂಡಿನ ಕೆಲಸ. ಆಮೇಲೆ ಮಾತೃಭಾಷೆಯ ಕಾಲಂ ಬಂತು ನೋಡಿ. ತುಳು ಬರೆಯಬೇಕೋ ಕನ್ನಡ ಬರೆಯಬೇಕೋ ಅಂತ ಅಜ್ಜ, ಮಗ, ಸೊಸೆ ಮೂವರೂ ಜಗಳಕ್ಕೆ ನಿಂತರು. ಮಜ್ಜಿಗೆ ಕುಡಿದು ಮುಗಿದರೂ ತೀರ್ಮಾನ ಆಗಲಿಲ್ಲ. ನಮ್ಮ ಗಡಿಯಲ್ಲಿ ಜನ ಕಾಲಂಗೆ ಹೆದರುವುದು ಭಾಷೆಯ ವಿಷಯದಲ್ಲಿ. ಮತದ ಕಾಲಂ ಅಂದರೆ ರೇಶನ್ ಕಾರ್ಡ್ ನಂಬರ್ ಇದ್ದ ಹಾಗೆ, ಇರುವುದನ್ನು ಬರೆಸಿ ಸುಮ್ಮನಾಗುತ್ತಾರೆ.

ಹಾಗಾಗಿ ಆ 33 ಸಾವಿರ ಅಂದರೆ ಹಟ ಹಿಡಿದು ಬರೆಸಿದವರು ಮಾತ್ರ.


ನೆಟ್ಟಣಿಗೆ ಭಕ್ತ

ಮಾಷ್ಟ್ರೇ, ಮೊಮ್ಮಗ ಆ ವಯಸ್ಸಿನಲ್ಲಿ ಹಾಗೆ ಹೇಳದೆ ಇನ್ಯಾವಾಗ ಹೇಳುವುದು? ಮದುವೆ ಆಗಿ ಒಂದು ಮಗು ಆಗಲಿ, ನಾಗನ ಕಟ್ಟೆಗೆ ಅವನೇ ಹಾಲು ತರುತ್ತಾನೆ. ನೆಟ್‌ನಲ್ಲಿ ಇರುವುದು ಇಂಥವರೇ. ಇಪ್ಪತ್ತರ ಹುಡುಗರು, ಕೈಯಲ್ಲಿ ಡೇಟಾ ಪ್ಯಾಕ್.


ಸ್ವಾತಿಮಳೆ

ನಾನು ಮಂಗಳೂರಿನಲ್ಲಿ ಅಂಕಿಅಂಶ ಪಾಠ ಮಾಡುವವಳು. ಈ ಪ್ರಶ್ನೆ ನನ್ನ ಕ್ಲಾಸಿಗೆ ಹೇಳಿ ಮಾಡಿಸಿದ ಹಾಗೆ ಉಂಟು.

ಮೊದಲು ಒಂದು ಹಳೇ ಕತೆ. 1936ರಲ್ಲಿ ಅಮೆರಿಕದ ಒಂದು ಪತ್ರಿಕೆ ಚುನಾವಣೆ ಭವಿಷ್ಯ ಹೇಳಲು ಸುಮಾರು 1 ಕೋಟಿ ಕಾರ್ಡ್ ಕಳಿಸಿತು. 24 ಲಕ್ಷ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಲ್ಲಿ. ಹೆಸರುಗಳನ್ನು ಆರಿಸಿದ್ದು ಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ, ಉತ್ತರ ಕಳಿಸಿದ್ದು ಸಿಟ್ಟು ಇದ್ದವರು. ಗ್ಯಾಲಪ್ ಅನ್ನುವವರು 50 ಸಾವಿರ ಜನರನ್ನು ಕೇಳಿ ಸರಿಯಾಗಿ ಹೇಳಿದರು. ಸಂಖ್ಯೆ ದೊಡ್ಡದಿದ್ದರೆ ಸತ್ಯ ಹತ್ತಿರ ಬರುವುದಿಲ್ಲ. ಲಕ್ಷ ಸದಸ್ಯರ ನಾಸ್ತಿಕ ಗುಂಪು ನೋಡಿ ಊರಿನ ಲೆಕ್ಕ ಹಾಕುವವರು ಆ ಪತ್ರಿಕೆಯವರದ್ದೇ ಕೆಲಸ ಮಾಡುತ್ತಿದ್ದಾರೆ.

ನೆಟ್‌ನ ಇನ್ನೊಂದು ತಮಾಷೆ ಉಂಟು. ರೆಡ್ಡಿಟ್ ಅನ್ನುವ ಚರ್ಚೆಯ ಜಾಲತಾಣದಲ್ಲಿ 2013ರ ತನಕ ನಾಸ್ತಿಕರ ಗುಂಪು ಹೊಸದಾಗಿ ಸೇರುವ ಎಲ್ಲರಿಗೂ ತಾನಾಗಿ ಬರುತ್ತಿತ್ತು. ಬೇಡ ಅಂದರೆ ನೀವೇ ತೆಗೆಯಬೇಕು. ಅದರ ಸದಸ್ಯರ ಸಂಖ್ಯೆ ತೋರಿಸಿ ಲೋಕವೇ ನಾಸ್ತಿಕ ಆಯಿತು ಅಂತ ಆಗ ಬರೆದವರಿದ್ದರು. ಜಾಲತಾಣದವರು ಇಟ್ಟ ಒಂದು ಸೆಟ್ಟಿಂಗ್ ಅದು, ಅಷ್ಟೇ.

ಈಗ ಭಾರತದ ಸಮೀಕ್ಷೆಗಳಿಗೆ ಬರೋಣ. 2012ರ ವಿನ್-ಗ್ಯಾಲಪ್ ಸಮೀಕ್ಷೆಯಲ್ಲಿ 81 ಶೇಕಡಾ ಜನ ಧಾರ್ಮಿಕರು ಅಂದರು, 13 ಶೇಕಡಾ ಧಾರ್ಮಿಕರಲ್ಲ ಅಂದರು, 3 ಶೇಕಡಾ ಪಕ್ಕಾ ನಾಸ್ತಿಕರು ಅಂದರು. ಅಮೆರಿಕದ ಪ್ಯೂ ಅನ್ನುವ ಸಮೀಕ್ಷಾ ಸಂಸ್ಥೆಯವರು 2019-20ರಲ್ಲಿ 17 ಭಾಷೆಗಳಲ್ಲಿ ಸುಮಾರು 30 ಸಾವಿರ ಜನರನ್ನು ಎದುರೆದುರು ಕೂರಿಸಿ ಕೇಳಿದರು. 97 ಶೇಕಡಾ ಜನ ದೇವರನ್ನು ನಂಬುತ್ತೇವೆ ಅಂದರು. ಆ 3 ಶೇಕಡಾವನ್ನು 121 ಕೋಟಿಗೆ ಗುಣಿಸಿ. 3.6 ಕೋಟಿ! ಜನಗಣತಿಯ 33 ಸಾವಿರ ಎಲ್ಲಿ, ಇದು ಎಲ್ಲಿ? ಸಾವಿರ ಪಟ್ಟು ವ್ಯತ್ಯಾಸ. ಕೇಳಿದ ರೀತಿ ಬೇರೆ, ಅಷ್ಟೇ. ಒಂದರಲ್ಲಿ ಅಜ್ಜ ಉತ್ತರ ಕೊಟ್ಟರು, ಇನ್ನೊಂದರಲ್ಲಿ ಮೊಮ್ಮಗನನ್ನೇ ಕೇಳಿದರು.


ಬದಿಯಡ್ಕದವ

ಅಕ್ಕಾ, ಹಾಗಾದರೆ 3 ಶೇಕಡಾ ಅಂತ ಹಿಡಿಯಬಹುದಾ? ನಮ್ಮ ಜಿಲ್ಲೆಗೆ 39 ಸಾವಿರ ಆಗುತ್ತದೆ.


ಸ್ವಾತಿಮಳೆ

ದೇಶದ ಸರಾಸರಿ ತಂದು ಕಾಸರಗೋಡಿಗೆ ಅಂಟಿಸಬೇಡಿ. ಮತ್ತೆ, ಎದುರು ಕೂತು ಕೇಳಿದಾಗಲೂ ಜನ ಪೂರ್ತಿ ಹೇಳುವುದಿಲ್ಲ. ಅದಕ್ಕೆ ಒಂದು ಉಪಾಯ ಉಂಟು, ಆಮೇಲೆ ಬರೆಯುತ್ತೇನೆ. ಈಗ ಪೇಪರ್ ತಿದ್ದಬೇಕು.


ಹೊಸೂರು ಬಸ್‌ಸ್ಟ್ಯಾಂಡ್

ನಮ್ಮ ಕಡೆಯದ್ದೂ ಸೇರಿಸಿಕೊಳ್ಳಿ. ಹೊಸೂರಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಆಡುವ ಜನ. ಪೆರಿಯಾರ್ ಸ್ವಾಭಿಮಾನ ಚಳವಳಿ ಕಟ್ಟಿದ್ದು 1925ರಲ್ಲಿ. ದ್ರಾವಿಡ ಪಕ್ಷದವರು 1967ರಲ್ಲೇ ಸರ್ಕಾರ ಹಿಡಿದರು. ದೇವರಿಲ್ಲ ಅಂತ ಕಲ್ಲಿನಲ್ಲಿ ಕೆತ್ತಿಸಿದ ಪೆರಿಯಾರ್ ಪ್ರತಿಮೆಗಳು ಬಸ್‌ಸ್ಟ್ಯಾಂಡ್ ಹತ್ತಿರವೇ ಸಿಗುತ್ತವೆ. ಇಷ್ಟಾಗಿ ಅದೇ 2011ರಲ್ಲಿ ತಮಿಳುನಾಡಿನಲ್ಲಿ ನಾಸ್ತಿಕ ಅಂತ ಬರೆಸಿದವರು ಸುಮಾರು 1,300 ಜನ! ಕೇರಳಕ್ಕಿಂತ ಕಮ್ಮಿ. ಮಹಾರಾಷ್ಟ್ರದಲ್ಲಿ 9,600ಕ್ಕೂ ಜಾಸ್ತಿ. ಎರಡನೇ ಸ್ಥಾನ ಯಾರದ್ದು ಗೊತ್ತಾ? ಮೇಘಾಲಯ, 9 ಸಾವಿರ. ಇಡೀ ರಾಜ್ಯದ ಜನಸಂಖ್ಯೆಯೇ 30 ಲಕ್ಷ. ಅಲ್ಲಿ ಬೇರೆ ಏನನ್ನೋ ಈ ಕಾಲಂಗೆ ಹಾಕಿದ್ದಾರೆ ಅಂತ ನನ್ನ ಗುಮಾನಿ.

ಅಣ್ಣಾದುರೈ ಪೆರಿಯಾರ್ ಬಿಟ್ಟು 1949ರಲ್ಲಿ ಬೇರೆ ಪಕ್ಷ ಕಟ್ಟಿದಾಗ ದೇವರ ಜೊತೆ ರಾಜಿ ಮಾಡಿಕೊಂಡರು. ಒಂದೇ ಕುಲ, ಒಬ್ಬನೇ ದೇವರು ಅಂದರು. ವೋಟು ಬೇಕಲ್ಲ. ನಮ್ಮ ಬೀದಿಯಲ್ಲಿ ಕಪ್ಪು ಅಂಗಿ ಹಾಕುವ ಪೆರಿಯಾರ್ ಕಡೆಯವರು ಒಬ್ಬರು ಇದ್ದಾರೆ. ಅವರ ಹೆಂಡತಿ ಮಾರಿಯಮ್ಮನ ಹಬ್ಬಕ್ಕೆ ಗಂಜಿ ಹಂಚುತ್ತಾರೆ, ಪಾತ್ರೆ ಹೊರುವವರು ಇವರೇ.


ಚಂದ್ರಗಿರಿಯ ದಕ್ಷಿಣ

ಕಪ್ಪು ಅಂಗಿ ಬದಲು ಕೆಂಪು ಬಾವುಟ ಹಾಕಿ, ನಮ್ಮ ಮನೆಯ ಕತೆ. ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು ಗಲ್ಲಿಗೇರಿಸಿದ್ದು 1943ರ ಮಾರ್ಚ್‌ನಲ್ಲಿ. ನಮ್ಮ ಕಡೆ ಮಕ್ಕಳಿಗೆ ಆ ಹೆಸರುಗಳು ಪುರಾಣದಷ್ಟೇ ಬಾಯಿಪಾಠ. ನನ್ನ ಮಾವ ಪಕ್ಷದವರು, ಭಾಷಣದಲ್ಲಿ ದೇವರನ್ನು ಬಿಡುವವರಲ್ಲ. ಕಳಿಯಾಟ (ತೆಯ್ಯಂ ದೈವಗಳ ಉತ್ಸವ) ಬಂತೆಂದರೆ ಸಮಿತಿಯ ಖಜಾಂಚಿ ಅವರೇ. ಕೇಳಿದರೆ, "ತೆಯ್ಯಂ ಅಂದರೆ ಊರು. ಊರು ಬಿಟ್ಟು ಪಕ್ಷ ಎಂತ ಮಾಡಲಿಕ್ಕೆ?" ಅನ್ನುತ್ತಾರೆ.

2019ರ ಜನವರಿ 1ರಂದು ಶಬರಿಮಲೆ ವಿಷಯದಲ್ಲಿ ಹೆಂಗಸರ ಗೋಡೆ ಆಯಿತಲ್ಲ, ಶುರುವಾದದ್ದೇ ಕಾಸರಗೋಡಿನಿಂದ. ತಿರುವನಂತಪುರದ ತನಕ 620 ಕಿಲೋಮೀಟರ್. ನೆಟ್‌ನಲ್ಲಿ ಒಂದು ಕಡೆಯವರು ಅವರನ್ನೆಲ್ಲ ನಾಸ್ತಿಕರು ಅಂತ ಬೈದರು, ಇನ್ನೊಂದು ಕಡೆಯವರು ನಾಸ್ತಿಕರು ಅಂತಲೇ ಹೊಗಳಿದರು. ನನ್ನ ಎದುರು ಗೋಡೆಯಲ್ಲಿ ನಿಂತಿದ್ದ ಚೇಚಿ (ಅಕ್ಕ) ಮನೆಗೆ ಹೋಗಿ ದೀಪ ಹಚ್ಚಬೇಕು, ತಡವಾಯಿತು ಅಂತ ಗಡಿಬಿಡಿ ಮಾಡುತ್ತಿದ್ದರು.

ಕೇರಳದ ಯುಕ್ತಿವಾದಿ ಪರಂಪರೆ ದೊಡ್ಡದೇ. ಸಹೋದರನ್ ಅಯ್ಯಪ್ಪನ್ 1917ರಲ್ಲಿ ಚೆರಾಯಿಯಲ್ಲಿ ಎಲ್ಲ ಜಾತಿಯವರನ್ನು ಕೂರಿಸಿ ಊಟ ಹಾಕಿದರು. ಅವರ ಗುರು ನಾರಾಯಣ ಗುರುಗಳು ಒಂದು ಜಾತಿ, ಒಂದು ಮತ, ಒಂದು ದೇವರು ಅಂದರೆ, ಶಿಷ್ಯ ಮೂರೂ ಬೇಡ ಅಂದುಬಿಟ್ಟ. ಪವಾಡ ಬಯಲು ಮಾಡುತ್ತಿದ್ದ ಎ.ಟಿ. ಕೋವೂರ್ ಹುಟ್ಟಿದ್ದು ತಿರುವಲ್ಲದಲ್ಲಿ. ಇದನ್ನೆಲ್ಲ ಓದಿ ಬೆಳೆದವರು ಮಲಯಾಳದಲ್ಲಿ ಬರೆಯುವಾಗ ಗಟ್ಟಿಯಾಗಿ ಬರೆಯುತ್ತಾರೆ. ಅದಕ್ಕೇ ನೆಟ್‌ನಲ್ಲಿ ಮಲಯಾಳಿ ನಾಸ್ತಿಕರ ಸದ್ದು ಜಾಸ್ತಿ.


ಪೈವಳಿಕೆ ಮಾಷ್ಟ್ರು

ಸದ್ದು ಅಂದದ್ದಕ್ಕೆ ನೆನಪಾಯಿತು. 2018ರಲ್ಲಿ ವಿಧಾನಸಭೆಯಲ್ಲಿ ಶಿಕ್ಷಣ ಮಂತ್ರಿಗಳು ಒಂದು ಲೆಕ್ಕ ಕೊಟ್ಟರು. ಜಾತಿ, ಮತದ ಕಾಲಂ ತುಂಬದೆ ಶಾಲೆಗೆ ಸೇರಿದ ಮಕ್ಕಳು 1.23 ಲಕ್ಷಕ್ಕೂ ಜಾಸ್ತಿ ಅಂತ. ಒಂದೇ ದಿನದಲ್ಲಿ ಅದು ದೇಶ ತಿರುಗಿತು. ಕೇರಳದ ಮಕ್ಕಳು ಮತ ಬಿಟ್ಟರು ಅಂತ ನೆಟ್‌ನಲ್ಲಿ ಹಬ್ಬ. ಮಕ್ಕಳ ವಿವರ ತುಂಬುವ 'ಸಂಪೂರ್ಣ' ಅನ್ನುವ ಸಾಫ್ಟ್‌ವೇರ್ ಉಂಟಲ್ಲ, ಅದರಲ್ಲಿ ನಾವೇ ಕೂತು ಬೆರಳು ಸವೆಸಿದವರು. ಮಾರನೇ ದಿನವೇ ಕೆಲವು ಶಾಲೆಯವರು, ನಮ್ಮಲ್ಲಿ ಮತ ಬೇಡ ಅಂದ ಮಕ್ಕಳು ಅಷ್ಟಿಲ್ಲ ಅಂತ ಎದ್ದು ನಿಂತರು. ಹೆಚ್ಚಿನವರದ್ದು ಮತ ತುಂಬಿತ್ತು, ಜಾತಿಯ ಕಾಲಂ ಖಾಲಿ ಇತ್ತು. ಅಡ್ಮಿಶನ್ ಸಮಯದಲ್ಲಿ ಕರೆಂಟು ಹೋಗುವ ಮೊದಲು ನೂರು ಮಕ್ಕಳ ವಿವರ ಹಾಕಬೇಕು ಅಂದರೆ ಕಡ್ಡಾಯ ಅಲ್ಲದ ಕಾಲಂ ಯಾರು ತುಂಬುತ್ತಾರೆ ಮಾರಾಯ್ರೇ?


ಉಪ್ಪಳ ಗೇಟ್

ಇಷ್ಟು ಹೊತ್ತು ಓದುತ್ತಾ ಇದ್ದೆ. ನೀವೆಲ್ಲ ತಮಾಷೆಯಾಗಿ ಮಾತಾಡುತ್ತಿದ್ದೀರಿ, ಅಜ್ಜ, ಮಾವ, ಖಜಾಂಚಿ ಅಂತ. ನನ್ನ ಮನೆಯಲ್ಲಿ ಇದು ತಮಾಷೆ ಆಗುವುದಿಲ್ಲ.

ನಾನು ಶಾರ್ಜಾದಲ್ಲಿ ಕೆಲಸ ಮಾಡುವವನು. ನಂಬಿಕೆ ಹೋಗಿ ತುಂಬ ವರ್ಷ ಆಯಿತು. ಇದು ಗೊತ್ತಿರುವುದು ಈ ಸುಳ್ಳು ಹೆಸರಿಗೆ ಮಾತ್ರ. ಊರಿಗೆ ಬಂದರೆ ಉಮ್ಮನ ಜೊತೆ ಉಪವಾಸ ಹಿಡಿಯುತ್ತೇನೆ, ಶುಕ್ರವಾರ ಟೋಪಿ ಹಾಕಿ ಹೊರಡುತ್ತೇನೆ. ತಂಗಿಯ ಮದುವೆ ಆಗಬೇಕು. ಜಮಾಅತ್‌ನವರು (ಮಸೀದಿ ಸಮಿತಿ) ಬರದಿದ್ದರೆ ನಿಕಾಹ್ ಇಲ್ಲ, ಬಾಪ್ಪನ ಖಬರ್ (ಗೋರಿ) ಇರುವುದೂ ಆ ಮಸೀದಿಯಲ್ಲೇ. ಕಾನೂನಿನ ಕಡೆಯಿಂದಲೂ ಒಂದು ಗಂಟು ಉಂಟು. ಹಿಂದೂವಾಗಿ ಹುಟ್ಟಿ ದೇವರಿಲ್ಲ ಅಂದವನಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯ. ಅವನ ಪಾಲು ಎಲ್ಲಿಯೂ ಹೋಗುವುದಿಲ್ಲ. ಮುಸ್ಲಿಮನಾಗಿ ಹುಟ್ಟಿ ನಂಬಿಕೆ ಬಿಟ್ಟವರ ಆಸ್ತಿಗೆ ಯಾವ ಕಾನೂನು? ಆಲಪ್ಪುಳದ ಒಬ್ಬ ಮಹಿಳೆ ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು, 2024ರಲ್ಲಿ ಕೋರ್ಟು ನೋಟಿಸ್ ಕೊಟ್ಟಿತು.

2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ಒಬ್ಬ ಯುವಕನನ್ನು ಕೊಂದರು. ನಾಸ್ತಿಕ, ವಾಟ್ಸಾಪ್‌ನಲ್ಲಿ ಬರೆಯುತ್ತಿದ್ದ. ಆ ಸುದ್ದಿ ಓದಿದ ರಾತ್ರಿ ನನ್ನ ಹಳೇ ಪೋಸ್ಟ್ ಎಲ್ಲ ಅಳಿಸಿದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನೆಟ್‌ನಲ್ಲಿ ನಾವು ಜಾಸ್ತಿ ಕಾಣುತ್ತೇವೆ, ಯಾಕೆಂದರೆ ಬೇರೆಲ್ಲೂ ಕಾಣಲಿಕ್ಕೆ ಆಗುವುದಿಲ್ಲ. ಒಂದು ಊರಿನಲ್ಲಿ ನನ್ನಂಥವರು ಇಬ್ಬರು ಇರಬಹುದು, ಒಬ್ಬನಿಗೆ ಇನ್ನೊಬ್ಬ ಗೊತ್ತಿಲ್ಲ. ನೂರು ಊರಿನ ಇಬ್ಬಿಬ್ಬರು ಒಂದೇ ಕಡೆ ಸೇರಿದರೆ ನಿಮಗೆ ಜಾತ್ರೆ ಕಂಡ ಹಾಗೆ ಆಗುತ್ತದೆ.


ಬದಿಯಡ್ಕದವ

ಭಾಯಿ, ನೀವು ಬರೆದದ್ದೇ ಈ ಚರ್ಚೆಯ ತೂಕದ ಮಾತು. ಬೇರೆಯವರು ದಯವಿಟ್ಟು ಇವರು ಯಾರು, ಯಾವ ಮನೆ ಅಂತ ಕೆದಕಬೇಡಿ.


ಅಡ್ಮಿನ್

ಕೆದಕಿದವರ ಖಾತೆ ತೆಗೆಯುತ್ತೇನೆ. ಮುಂದುವರಿಸಿ.


ನೆಟ್ಟಣಿಗೆ ಭಕ್ತ

ಉಪ್ಪಳದವರಿಗೆ ಒಳ್ಳೆಯದಾಗಲಿ, ದೇವರ ಹೆಸರು ತೆಗೆಯದೆ ಹೇಳುತ್ತಿದ್ದೇನೆ. ಆದರೆ ಎಲ್ಲರೂ ಹೀಗೆ ಹೆದರಿ ಕೂತವರಲ್ಲ. 2022ರ ಅಕ್ಟೋಬರ್‌ನಲ್ಲಿ ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ ತೀರಿಹೋಯಿತು. ನೆಟ್ ತೆರೆದರೆ ಬರೀ ಲೇವಡಿ. ಸಸ್ಯಾಹಾರಿ ಮೊಸಳೆಯಂತೆ, ಕೆರೆಯಲ್ಲಿ ಮೀನಿಲ್ವಾ ಅಂತ. ಅಲ್ಲಿ ಹೋಗಿ ನೋಡಿದರೆ ಸಾವಿರಾರು ಜನ, ಹಣ್ಣು ಹಣ್ಣು ಮುದುಕರು, ಹೂ ಹಿಡಿದ ಮಕ್ಕಳು. ಲೇವಡಿ ಮಾಡಿದವರಲ್ಲಿ ಕುಂಬಳೆಯವರು ಎಷ್ಟು ಮಂದಿ ಇದ್ದರು ಅಂತ ಲೆಕ್ಕ ಮಾಡಿ. ಹೆಚ್ಚಿನವರಿಗೆ ಕೆರೆ ಎಲ್ಲಿದೆ ಅಂತಲೇ ಗೊತ್ತಿಲ್ಲ. ಯಾವುದೋ ಫ್ಲಾಟಿನಲ್ಲಿ ಕೂತು ಬರೆದದ್ದು ನಮ್ಮ ಊರಿನ ಅಭಿಪ್ರಾಯ ಹೇಗಾಗುತ್ತದೆ?


ಚಂದ್ರಗಿರಿಯ ದಕ್ಷಿಣ

ದೇವರಿಲ್ಲ ಅನ್ನುವ ನಾನೂ ಅವತ್ತು ಹೋಗಿದ್ದೆ ಭಕ್ತರೇ. ಸಣ್ಣವನಿದ್ದಾಗ ಅಪ್ಪ ತೋರಿಸಿದ ಮೊಸಳೆ. ನನ್ನನ್ನು ನಿಮ್ಮ ಸಾವಿರದಲ್ಲಿ ಸೇರಿಸಬೇಕೋ ತೆಗೆಯಬೇಕೋ ನೀವೇ ಹೇಳಿ.


ನೆಟ್ಟಣಿಗೆ ಭಕ್ತ

ಬಂದಿರಲ್ಲ, ಸೇರಿಸಿದ್ದೇನೆ.


ಗುತ್ತಿನಮನೆ ಸೊಸೆ

ಇಲ್ಲಿ ತನಕ ಬರೆದವರಲ್ಲಿ ಹೆಂಗಸು ಒಬ್ಬರು, ಅವರೂ ಪೇಪರ್ ತಿದ್ದಲು ಹೋದರು. ಅಲ್ಲೇ ಒಂದು ಉತ್ತರ ಉಂಟು ನಿಮಗೆ.

ಅಮೆರಿಕದಲ್ಲಿ ನಾಸ್ತಿಕ ಅಂತ ಹೇಳಿಕೊಳ್ಳುವವರಲ್ಲಿ ಮೂರನೇ ಎರಡು ಪಾಲು ಗಂಡಸರು ಅಂತ ಪ್ಯೂ ಸಮೀಕ್ಷೆಗಳಲ್ಲಿ ಓದಿದ್ದೇನೆ. ಹೆಂಗಸರು ಸಹಜವಾಗಿ ಭಕ್ತರು ಅಂತ ಅದಕ್ಕೆ ಕಾರಣ ಕೊಡುವವರಿದ್ದಾರೆ. ನನಗೆ ನಗು ಬರುತ್ತದೆ. ನಮ್ಮ ಮನೆಯಲ್ಲಿ ಕೋಲ ಅಂದರೆ ವಾರದ ಮೊದಲೇ ಪಾತ್ರೆ ತೊಳೆಯುವುದು, ಅಂಗಳ ಬಳಿಯುವುದು, ನೂರು ಜನರಿಗೆ ಅಕ್ಕಿ ನೆನೆಹಾಕುವುದು, ಎಲ್ಲ ನಮ್ಮ ತಲೆಗೆ. ಮುಸ್ಸಂಜೆ ದೀಪ ಹಚ್ಚುವುದು ನಾನು. ನನಗೆ ನಂಬಿಕೆ ಉಂಟಾ ಇಲ್ಲವಾ ಅಂತ ಮದುವೆಯಾದ ಮೇಲೆ ಯಾರೂ ಕೇಳಿಲ್ಲ. ಗಂಡನ ತಮ್ಮ ಊಟಕ್ಕೆ ಕೂತು ದೈವವನ್ನು ಲೇವಡಿ ಮಾಡಿದರೆ ಅತ್ತೆ ನಗುತ್ತಾರೆ, ಓದಿದ ಹುಡುಗ ಅಂತ. ಅದೇ ಮಾತು ನಾನು ಆಡಿದರೆ? ದೇವರು ಬೇಡ ಅಂದ ಮಗ ಬುದ್ಧಿವಂತ, ದೇವರು ಬೇಡ ಅಂದ ಸೊಸೆ ಮನೆಗೆ ಆಗದವಳು. ಆಮೇಲೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಕಾರಣ ನಾನೇ.

ಮೈದುನ ನೆಟ್‌ನಲ್ಲಿ ಬರೆಯುತ್ತಾನೆ, ನಿಮ್ಮ ಲೆಕ್ಕಕ್ಕೆ ಸಿಗುತ್ತಾನೆ. ನಾನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಬರುವ ಗಣಪತಿಯ ಚಿತ್ರಕ್ಕೆ ಕೈಮುಗಿಯುವ ಗುರುತು ಒತ್ತುತ್ತೇನೆ. ಆ ಲೆಕ್ಕದಲ್ಲಿ ನಾನು ಭಕ್ತೆ.


ಪೈವಳಿಕೆ ಮಾಷ್ಟ್ರು

ತಂಗೀ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಮೈದುನನ ಬಗ್ಗೆ ಒಂದು ಅನುಮಾನ. ತಾಳಮದ್ದಳೆಯಲ್ಲಿ (ವೇಷ ಇಲ್ಲದೆ ಕೂತು ವಾದ ಮಾಡುವ ಯಕ್ಷಗಾನ) ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದವರಿಗೆ ಗೊತ್ತು, ರಾಮನನ್ನು ಪ್ರಶ್ನೆ ಕೇಳಿ ಕೇಳಿ ಬೆವರಿಳಿಸುತ್ತಿದ್ದರು. ಸಭೆಯಲ್ಲಿ ಕೂತ ಭಕ್ತರೆಲ್ಲ ಭಲೇ ಅನ್ನುತ್ತಿದ್ದರು. ಅರ್ಥಗಾರಿಕೆ ಮುಗಿದ ಮೇಲೆ ಯಾರೂ ರಾಮನನ್ನು ಬಿಟ್ಟು ಮನೆಗೆ ಹೋಗಲಿಲ್ಲ. ನಮ್ಮ ಊರಿಗೆ ವಾದ ಅಂದರೆ ರುಚಿ. ನೆಟ್‌ನಲ್ಲಿ ದೇವರ ವಿರುದ್ಧ ಬರೆಯುವವರಲ್ಲಿ ಅರ್ಧ ಜನ ಈ ಜಾತಿಯವರು. ವೇಷ ಇಲ್ಲದ ವಾಲಿಗಳು.


ಬದಿಯಡ್ಕದವ

ಮಾಷ್ಟ್ರೇ, ಹಾಗಂದರೆ ಒಂದು ಕಡೆ ನಂಬಿಕೆ ಇದ್ದೂ ವಾದಕ್ಕೆ ನಿಂತವರು, ಇನ್ನೊಂದು ಕಡೆ ನಂಬಿಕೆ ಇಲ್ಲದೆಯೂ ದೀಪ ಹಚ್ಚುವವರು. ನೆಟ್‌ನ ಲೆಕ್ಕದಿಂದ ಮೊದಲಿನವರನ್ನು ಕಳೆಯಬೇಕು, ಎರಡನೆಯವರನ್ನು ಕೂಡಿಸಬೇಕು. ಎಷ್ಟು ಕಳೆಯುವುದು, ಎಷ್ಟು ಕೂಡಿಸುವುದು?


ಸ್ವಾತಿಮಳೆ

ಬಂದೆ. ಉಪಾಯ ಹೇಳುತ್ತೇನೆ ಅಂದಿದ್ದೆನಲ್ಲ.

ಅಮೆರಿಕದಲ್ಲಿ ಗೆರ್ವೇಸ್ ಮತ್ತು ನಾಜ್ಲೆ ಅನ್ನುವ ಇಬ್ಬರು ಮನಶ್ಶಾಸ್ತ್ರದವರು ಇದನ್ನು ಮಾಡಿ 2017ರಲ್ಲಿ ಪ್ರಕಟಿಸಿದರು. ಜನರನ್ನು ಎರಡು ತಂಡ ಮಾಡುವುದು. ಒಂದು ತಂಡಕ್ಕೆ ಸಾಮಾನ್ಯ ವಾಕ್ಯಗಳ ಒಂದು ಪಟ್ಟಿ ಕೊಡುವುದು. ಯಾವ ವಾಕ್ಯ ನಿಮಗೆ ಹೊಂದುತ್ತದೆ ಅಂತ ಹೇಳಬೇಡಿ, ಒಟ್ಟು ಎಷ್ಟು ವಾಕ್ಯ ಅಂತ ಮಾತ್ರ ಹೇಳಿ ಅನ್ನುವುದು. ಇನ್ನೊಂದು ತಂಡಕ್ಕೂ ಅದೇ ಪಟ್ಟಿ, ಜೊತೆಗೆ ದೇವರನ್ನು ನಂಬುವುದಿಲ್ಲ ಅನ್ನುವಂಥ ಒಂದು ವಾಕ್ಯ ಜಾಸ್ತಿ. ಎರಡು ತಂಡಗಳ ಸರಾಸರಿಯ ವ್ಯತ್ಯಾಸವೇ ಉತ್ತರ. ಯಾರು ನಾಸ್ತಿಕ ಅಂತ ಕೇಳಿದವರಿಗೂ ಗೊತ್ತಾಗುವುದಿಲ್ಲ, ಎಷ್ಟು ಜನ ಅಂತ ಗೊತ್ತಾಗುತ್ತದೆ. ಫೋನ್ ಮಾಡಿ ನೇರ ಕೇಳಿದ ಸಮೀಕ್ಷೆಗಳಲ್ಲಿ 3ರಿಂದ 11 ಶೇಕಡಾ ಬರುತ್ತಿತ್ತು. ಹೀಗೆ ಕೇಳಿದಾಗ 26 ಶೇಕಡಾ ಅಂತ ಅಂದಾಜು ಬಂತು. ಈ ವಿಧಾನಕ್ಕೂ ಟೀಕೆ ಉಂಟು. ಎಣಿಸುವಾಗ ಜನ ತಪ್ಪುತ್ತಾರೆ, ಅಂದಾಜು ಆಚೀಚೆ ತುಂಬ ಜಾರುತ್ತದೆ. ಆದರೂ ನೇರ ಕೇಳಿದ್ದಕ್ಕೂ ಮರೆಯಲ್ಲಿ ಕೇಳಿದ್ದಕ್ಕೂ ಇಷ್ಟು ದೂರ ಇದೆ ಅನ್ನುವುದೇ ನನಗೆ ಮುಖ್ಯ. ಅಮೆರಿಕದಂಥ ಕಡೆಯೇ ಹೀಗಾದರೆ ಗುತ್ತಿನಮನೆಯ ಅಕ್ಕ, ಉಪ್ಪಳದ ಅಣ್ಣ ಇರುವ ಕಡೆ ಹೇಗಿರಬಹುದು?

ಇನ್ನು 2027ರ ಜನಗಣತಿಯಲ್ಲಿ ನಾವೇ ಆನ್‌ಲೈನ್‌ನಲ್ಲಿ ವಿವರ ತುಂಬುವ ಸೌಕರ್ಯ ಕೊಡುತ್ತಾರೆ. ಮತದ ಕಾಲಂ ಅಲ್ಲೂ ಇರುತ್ತದೆ.


ಉಪ್ಪಳ ಗೇಟ್

ತುಂಬುವುದು ಮನೆಗೆ ಒಂದೇ ಫಾರ್ಮ್ ಅಲ್ವಾ ಅಕ್ಕ? ಉಮ್ಮ ಪಕ್ಕದಲ್ಲಿ ಕೂತಿರುತ್ತಾರೆ. ನಾನು 2 ಅಂತಲೇ ಒತ್ತುತ್ತೇನೆ. ಅದರಲ್ಲಿ ನನಗೆ ಬೇಸರವೂ ಇಲ್ಲ.


ಗುತ್ತಿನಮನೆ ಸೊಸೆ

ನಮ್ಮಲ್ಲಿ ಮೈದುನ ತುಂಬುತ್ತಾನೆ. ಅವನದ್ದು ನಾಸ್ತಿಕ ಅಂತ ಹಾಕಿಕೊಳ್ಳಬಹುದು. ನನ್ನದು ನನ್ನನ್ನು ಕೇಳದೆ ಹಾಕುತ್ತಾನೆ.


ಬದಿಯಡ್ಕದವ

ಸ್ವಾತಿ ಅಕ್ಕಾ, ಆ ಪಟ್ಟಿಯ ಉಪಾಯ ನಾವೇ ಇಲ್ಲಿ ಮಾಡಿದರೆ? ಇಡೀ ಜಿಲ್ಲೆಯದ್ದು ಆಗುವುದಿಲ್ಲ ಅಂತ ಗೊತ್ತು. ಈ ಗುಂಪಿನಲ್ಲಿ ನಿಜವಾಗಿ ಎಷ್ಟು ಮಂದಿ ಅಂತಾದರೂ ಗೊತ್ತಾಗಲಿ. ವಾಕ್ಯಗಳು ಹೀಗಿರಲಿ: ನನ್ನ ಹತ್ತಿರ ಬೈಕ್ ಇದೆ. ಕಳೆದ ತಿಂಗಳು ಮಂಗಳೂರಿಗೆ ಹೋಗಿದ್ದೆ. ನನಗೆ ಮಲಯಾಳ ಓದಲು ಬರುತ್ತದೆ. ಇವತ್ತು ಮೀನು ತಿಂದಿದ್ದೇನೆ. ಐದನೆಯದು ನಮ್ಮ ವಾಕ್ಯ.


ಸ್ವಾತಿಮಳೆ

ಮಾಡಬಹುದು. ಸದಸ್ಯರನ್ನು ಚೀಟಿ ಎತ್ತಿ ಎರಡು ಭಾಗ ಮಾಡಬೇಕು, ಬೇಕಾದವರು ಬೇಕಾದ ಕಡೆ ಸೇರುವ ಹಾಗಿಲ್ಲ. ಒಂದು ಕಡೆಗೆ ಕಮ್ಮಿ ಅಂದರೂ ಕೆಲವು ನೂರು ಜನ ಬೇಕು. ಅಷ್ಟು ಮಂದಿ ಉತ್ತರ ಕೊಡುತ್ತಾರಾ ಅಂತ ಅಡ್ಮಿನ್ ಹೇಳಲಿ. ಮತ್ತೆ ಉಳಿದ ವಾಕ್ಯಗಳು ಸುಳ್ಳು ಹೇಳಬೇಕು ಅಂತ ಯಾರಿಗೂ ಅನ್ನಿಸದಂಥವು ಆಗಿರಬೇಕು.


ನೆಟ್ಟಣಿಗೆ ಭಕ್ತ

ಹಾಗಾದರೆ ಮೀನಿನದ್ದು ತೆಗೆಯಿರಿ ಮಾರಾಯ್ರೇ. ನಮ್ಮ ಬೀದಿಯ ಅರ್ಧ ಜನ ದೇವರ ವಿಷಯದಲ್ಲಿ ನಿಜ ಹೇಳಿಯಾರು, ಮೀನಿನ ವಿಷಯದಲ್ಲಿ ಹೇಳುವವರಲ್ಲ.